ವ್ಯಾನ್ ಅಕ್ಕನ ಗಡುವು

"ಕಾರ್ಡ್ ಉಜ್ಜಿ ಉಜ್ಜಿ ಬಂಕಿನವನ ಕೈ ನೋವು ಬಂತು ಮೇಡಂ. ನಿಮ್ಮ ಕಾರ್ಡಿನ ಮನಸ್ಸು ಮಾತ್ರ ಕರಗ್ತಿಲ್ಲ," ಎಂದಳು ವ್ಯಾನ್ ಅಕ್ಕ. ಫೋನಿನಲ್ಲಿ ಅವಳ ಮಾತಿನ ಹಿಂದೆ ಹಾರ್ನುಗಳು ಕೇಳುತ್ತಿದ್ದವು. "ಹಿಂದೆ ಲಾರಿಯವನು ಅಮ್ಮ ಅಪ್ಪ ಎಲ್ಲರನ್ನೂ ನೆನೆಸ್ಕೊಂಡು ಬೈತಿದ್ದಾನೆ. ಒಳಗೆ ನಾಲ್ಕು ಜನ ಪೇಷಂಟುಗಳು. ಏನ್ಮಾಡ್ಲಿ ಹೇಳಿ."

ದತ್ತಿ ಪ್ರತಿಷ್ಠಾನವೊಂದರ ಅನುದಾನ ವಿಭಾಗದ ಅಧಿಕಾರಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಬಾಗಿಲ ಸಂದಿಯಲ್ಲಿ ಹುಡುಕುತ್ತಿದ್ದಳು.

"ಬಂಕಿನವನಿಗೆ ಫೋನ್ ಕೊಡಿ ಅಕ್ಕಾ. ಇವತ್ತಿನದು ನಾನೇ ಹಾಕ್ತೀನಿ. ಕಾರ್ಡಿಗೆ ಏನಾಗಿದೆ ಅಂತ ಆಫೀಸಿಗೆ ಹೋಗಿ ನೋಡ್ತೀನಿ."

"ನೋಡಿ, ನೋಡಿ. ವಯಸ್ಸಾಗಿರಬೇಕು ಅದಕ್ಕೂ."

ವ್ಯಾನ್ ಅಕ್ಕ ಮೊದಲು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಆಯಾ ಆಗಿದ್ದವಳು. ವಾರಕ್ಕೆ ಮೂರು ಸಲ ರಕ್ತ ತೊಳೆಸಿಕೊಳ್ಳಲೇಬೇಕಾದವರು ಬರುಬರುತ್ತಾ ಎರಡು ಸಲ ಬರುವುದನ್ನು, ಆಮೇಲೆ ಒಂದು ಸಲ ಬರುವುದನ್ನು, ಆಮೇಲೆ ಅವರ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿರುವುದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಔಷಧಿಗೂ ಮಿಷನ್ನಿಗೂ ಸರ್ಕಾರದ ಯೋಜನೆ ಇತ್ತು. ಮಹಡಿ ಮನೆಯಿಂದ ಆಸ್ಪತ್ರೆಯ ತನಕ ಬರುವುದಕ್ಕೆ ಯಾವ ಯೋಜನೆಯೂ ಇರಲಿಲ್ಲ. ಕೆಲಸ ಬಿಟ್ಟು ನಾಲ್ಕು ಜನರನ್ನು ಸೇರಿಸಿ ಒಂದು ಸಂಘ ಮಾಡಿದಳು. ಪ್ರತಿಷ್ಠಾನದ ಅನುದಾನದಿಂದ ಒಂದು ಬಾಡಿಗೆ ವ್ಯಾನು, ಡೀಸೆಲ್ ಕಾರ್ಡು, ನಡೆಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಲು ಇಬ್ಬರು ಗಟ್ಟಿ ಆಳುಗಳು ಸಿಕ್ಕಿದ್ದರು. ವ್ಯಾನನ್ನು ಅವಳೇ ಓಡಿಸುತ್ತಿದ್ದಳು.

ಅಧಿಕಾರಿ ಕಚೇರಿಗೆ ಬಂದು, ಬ್ಯಾಗನ್ನೂ ಇಳಿಸದೆ ಕಂಪ್ಯೂಟರ್ ತೆರೆದಳು. ಅನುದಾನಗಳ ಪಟ್ಟಿಯಲ್ಲಿ ವ್ಯಾನಿನ ಸಾಲು ಬೂದು ಬಣ್ಣಕ್ಕೆ ತಿರುಗಿತ್ತು. ಸ್ಥಿತಿ: ಮುಕ್ತಾಯ. ಕಾರಣ: ಗಡುವಿನೊಳಗೆ ವರದಿ ಬಂದಿಲ್ಲ. ಬೇರೆ ಯಾವುದೋ ಸಾಲು ಓದುತ್ತಿದ್ದೇನೆ ಎಂದುಕೊಂಡು ಪರದೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದಳು. ಅದೇ ಸಾಲು.

ಪಕ್ಕದ ಕೋಣೆಯಲ್ಲಿ ಕೂರುವ ಸಾಫ್ಟ್‌ವೇರ್ ಹುಡುಗನಿಗೆ ಗಡಿಯಾರ ಎಂದು ಹೆಸರಿಟ್ಟವಳು ಅವಳೇ. ಗಡುವುಗಳು ತಾವಾಗಿಯೇ ಕೂತು, ತಾವಾಗಿಯೇ ನೆನಪಿಸಿ, ತಾವಾಗಿಯೇ ಮುಗಿಯುವ ಹಾಗೆ ಎಲ್ಲವನ್ನೂ ಜೋಡಿಸಿದವನು ಅವನು. ಕುರ್ಚಿಯನ್ನು ಉರುಳಿಸಿಕೊಂಡೇ ಬಂದು ಅವಳ ಪರದೆ ನೋಡಿದ.

"ಸರಿಯಾಗೇ ಇದೆಯಲ್ಲ ಮೇಡಂ. ವರದಿ ಕೇಳಿ ನಾಲ್ಕು ನೆನಪೋಲೆ ಇ-ಮೇಲಲ್ಲಿ ಹೋಗಿದೆ. ನಾಲ್ಕನ್ನೂ ಓದಿದ್ದಾರೆ. ಓದಿದ ರಸೀದಿ ಬಂದಿದೆ ನೋಡಿ."

"ಓದೋಕೆ ಆಕೆಗೆ ಇ-ಮೇಲೇ ಇಲ್ವಲ್ಲೋ."

"ಇಲ್ದೆ ಇದ್ರೆ ಇದು ಯಾರದು?"

ಅವನು ತೋರಿಸಿದ ಜಾಗದಲ್ಲಿ ಅವಳದೇ ವಿಳಾಸವಿತ್ತು.

ಹಳೆಯ ಕಾಗದಗಳನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಏರಿಸಿದ ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ವರದಿ ಕೊಡುವವರ ಇ-ಮೇಲ್ ತುಂಬದೆ ಅದು ಮುಂದೆ ಹೋಗಲು ಬಿಡುತ್ತಿರಲಿಲ್ಲ. ಇ-ಮೇಲ್ ಇಲ್ಲದ ಸಣ್ಣ ಸಂಘಗಳಿಗೆಲ್ಲ ಸದ್ಯಕ್ಕಿರಲಿ ಎಂದು ತನ್ನ ವಿಳಾಸ ಹಾಕಿದ್ದಳು. ಆಮೇಲೆ ಒಂದೊಂದಾಗಿ ಸರಿಪಡಿಸುತ್ತಾ ಬಂದಿದ್ದಳು, ಇದೊಂದು ಉಳಿದುಹೋಗಿತ್ತು. ಎಲ್ಲ ಸಂಸ್ಥೆಗಳಿಗೆ ಹೋಗುವ ಪ್ರತಿ ನೆನಪೋಲೆಯ ನಕಲೂ ಅವಳಿಗೆ ಬಂದು ಬಂದು ಅಂಚೆಪೆಟ್ಟಿಗೆ ಉಸಿರುಗಟ್ಟುತ್ತಿತ್ತು. ಹಾಗಾಗಿ ಸಾಫ್ಟ್‌ವೇರಿನಿಂದ ಬಂದದ್ದೆಲ್ಲ ಓದಿದ ಗುರುತು ಹಾಕಿಸಿಕೊಂಡು ಒಂದು ಪ್ರತ್ಯೇಕ ಕಡತಕ್ಕೆ ಹೋಗಿ ಬೀಳುವಂತೆ ಮಾಡಿದ್ದಳು. ವ್ಯಾನ್ ಅಕ್ಕನಿಗೆ ಹೋಗಬೇಕಾಗಿದ್ದ ನಾಲ್ಕೂ ಅಲ್ಲಿಗೆ ಹೋಗಿ ಬಿದ್ದಿದ್ದವು. ರಸೀದಿಯೂ ತಾನಾಗಿಯೇ ವಾಪಸು ಹೋಗಿತ್ತು.

ಮೊದಲು ಹೀಗಿರಲಿಲ್ಲ. ಅವಳ ಮೇಜಿನ ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಕ್ಯಾಲೆಂಡರ್ ಇತ್ತು. ಅದರಲ್ಲಿ ಕೆಂಪು ಸುತ್ತು ಕಂಡ ದಿನ ಅವಳೇ ಫೋನ್ ಮಾಡುತ್ತಿದ್ದಳು. ಡಯಾಲಿಸಿಸ್ ಮುಗಿಯುವ ತನಕ ಆಸ್ಪತ್ರೆಯ ಹೊರಗೆ ವ್ಯಾನಿನಲ್ಲಿ ಕಾಲು ಚಾಚಿ ಕೂತ ಅಕ್ಕ ಹೇಳುತ್ತಿದ್ದಳು, ಇವಳು ಬೆರಳಚ್ಚಿಸುತ್ತಿದ್ದಳು. ಯಾರು ಬಂದರು, ಯಾರು ತಪ್ಪಿಸಿಕೊಂಡರು, ಯಾರ ತೂಕ ಎಷ್ಟು ಇಳಿಯಿತು, ಡಾಕ್ಟರರು ಹೇಳಿದ ಅಳತೆ ಮೀರಿ ಯಾರು ಕದ್ದು ನೀರು ಕುಡಿದರು. ಅದೇ ವರದಿ. ಸಾಫ್ಟ್‌ವೇರ್ ಬಂದ ಮೇಲೆ ಕ್ಯಾಲೆಂಡರನ್ನು ಇಳಿಸಿದ್ದಳು. ಮೊಳೆ ಇನ್ನೂ ಅಲ್ಲೇ ಇತ್ತು.

"ತೆರೆದುಬಿಡು ಇದನ್ನ," ಎಂದಳು. "ತಪ್ಪು ನಂದೇ. ಬರೆದುಕೊಡ್ತೀನಿ."

ಗಡಿಯಾರ ತಲೆ ಕೆರೆದುಕೊಂಡ. "ಮುಚ್ಚಿದ್ದನ್ನ ತೆರೆಯೋಕೆ, ಗಡುವು ಮುಂದಕ್ಕೆ ಹಾಕೋಕೆ ಒಂದು ಗುಂಡಿ ಇತ್ತಲ್ಲ ಮೇಡಂ, ನಿರ್ದೇಶಕರ ಹತ್ರ? ಅದನ್ನ ಕಿತ್ತು ಹಾಕ್ಸಿದ್ದೇ ನೀವು. ಮೀಟಿಂಗಲ್ಲಿ ಟೇಬಲ್ ಬೇರೆ ಕುಟ್ಟಿದ್ರಿ."

"ಬೇರೆ ದಾರಿ?"

"ಇದ್ದಿದ್ರೆ ಆವತ್ತೇ ಅದಕ್ಕೂ ಟೇಬಲ್ ಕುಟ್ತಿದ್ರಿ," ಎಂದವನು, ಅವಳ ಮುಖ ನೋಡಿ ನಗುವನ್ನು ನುಂಗಿಕೊಂಡ. "ಸಾರಿ ಮೇಡಂ. ನಿರ್ದೇಶಕರ ಆದೇಶ ಬಂದ್ರೆ ಗುಂಡಿ ವಾಪಸ್ ಹಾಕ್ಬಹುದು. ಅದಕ್ಕೆ ಅನುದಾನ ವಿಭಾಗದ ಟಿಪ್ಪಣಿ ಬೇಕು. ಅಂದ್ರೆ ನಿಮ್ದೇ."

ಟೇಬಲ್ ಕುಟ್ಟಿದ್ದು ನಿಜ. ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ಸ್ನೇಹಿತರಿದ್ದ ಸಂಗೀತ ಭವನಕ್ಕೆ ಪ್ರತಿ ಸಲವೂ ಗಡುವು ಮುಂದಕ್ಕೆ ಹೋಗುತ್ತಿತ್ತು. ವರದಿಯೇ ಇಲ್ಲದೆ ಹಣ ಬಿಡುಗಡೆಯಾಗುತ್ತಿತ್ತು. ಹೇಳಿಕೊಳ್ಳಲು ಬಾಯಿಲ್ಲದ ಸಂಘಗಳು ಒಂದು ದಿನ ತಡಮಾಡಿದರೂ ಸಾಲಿನ ಕೊನೆಗೆ ಹೋಗುತ್ತಿದ್ದವು. ಗುಂಡಿ ಇದ್ದರೆ ಅದನ್ನು ಒತ್ತಿಸಿಕೊಳ್ಳಬಲ್ಲವರಿಗಷ್ಟೇ ಅದು ಇರುತ್ತದೆ ಎಂದು ಅವಳು ವಾದಿಸಿದ್ದಳು. ಗೆದ್ದಿದ್ದಳು. ಈ ಸಲ ಸಂಗೀತ ಭವನದ ಗಡುವು ಮುಗಿದಾಗ ಅದೂ ತಾನಾಗಿಯೇ ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಉಳಿದ ಹಣವನ್ನು, ಬಹಳ ಕಾಲದಿಂದ ಕಾಯುತ್ತಿದ್ದ ಕಿವಿ ಕೇಳದ ಮಕ್ಕಳ ಶಾಲೆಗೆ ಕೊಡುವುದೆಂದು ತೀರ್ಮಾನವಾಗಿತ್ತು. ಕರಾರಿಗೆ ಸಹಿ ಬೀಳುವುದಷ್ಟೇ ಬಾಕಿ. ಶಾಲೆಯ ಟೀಚರಿಗೆ ಫೋನ್ ಮಾಡಿ ಹೇಳಿದವಳೂ ಅವಳೇ.

"ಗ್ಯಾರಂಟಿ ತಾನೆ ಮೇಡಂ?" ಎಂದು ಟೀಚರ್ ಕೇಳಿದ್ದರು. "ಇನ್ನೊಬ್ಬ ಟೀಚರ್ ಬರ್ತಾರೆ ಅಂತ ಮಕ್ಕಳಿಗೆ ಹೇಳಿಬಿಡ್ಲಾ? ಒಂದ್ಸಲ ಹೇಳಿದ್ರೆ ನನ್ನ ಮಕ್ಕಳು ಮರೆಯಲ್ಲ ನೋಡಿ."

"ಗ್ಯಾರಂಟಿ," ಎಂದಿದ್ದಳು.

ನಿರ್ದೇಶಕರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ದಾಖಲೆ ನೋಡಿದ್ರೆ ಅವರು ನಾಲ್ಕು ಸಲ ಓದಿದ್ದಾರೆ, ಉತ್ತರ ಕೊಟ್ಟಿಲ್ಲ. ನೀವು ಹೇಳ್ತಿರೋದು ನಿಜ ಅಂತ ನನಗೆ ಗೊತ್ತು. ಲೆಕ್ಕ ತನಿಖೆಯವರಿಗೆ ಗೊತ್ತಿಲ್ವಲ್ಲಮ್ಮ."

"ಇದೊಂದಕ್ಕೆ ತೆರೆಯೋ ಹಾಗೆ ಮಾಡಿ ಸರ್."

"ಗುಂಡಿ ವಾಪಸ್ ಬರ್ಲಿ. ನನಗೇನೂ ಅಡ್ಡಿಯಿಲ್ಲ. ಸ್ವಯಂಚಾಲಿತ ಗಡುವಿನಿಂದ ತೊಂದರೆ ಆಗ್ತಿದೆ, ವಿವೇಚನೆ ಬೇಕು ಅಂತ ನೀವು ಬರೆದುಕೊಡಿ. ಬರೆದುಕೊಟ್ಟ ಮೇಲೆ ಸಂಗೀತ ಭವನದವರು ಬಂದು ನನ್ನ ಎದುರು ಕೂರ್ತಾರೆ. ಅವರಿಗೂ ಒತ್ತಬೇಕಾಗುತ್ತೆ."

"ಅವರು ಬೇಕು ಅಂತಲೇ ಕೊಡ್ಲಿಲ್ಲ. ಇದು ನನ್ನ ತಪ್ಪು. ಎರಡೂ ಒಂದೇನಾ ಸರ್?"

"ಒಬ್ಬರಿಗೆ ಒತ್ತಿ ಇನ್ನೊಬ್ಬರಿಗೆ ಒತ್ತದೆ ಇರೋದು ನ್ಯಾಯ ಅಲ್ಲ. ಇದೇ ಕೋಣೆಯಲ್ಲಿ ನೀವೇ ಹೇಳಿದ ಮಾತು." ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ಶಾಲೆಗೆ?"

"ಮುಂದಿನ ವರ್ಷ ನೋಡೋಣ."

ಯೋಚಿಸಿ ಹೇಳುತ್ತೇನೆಂದು ಹೊರಬಂದಳು. ಯೋಚಿಸುವುದಕ್ಕೆ ಸಾಫ್ಟ್‌ವೇರ್ ಸಮಯ ಕೊಡಲಿಲ್ಲ. ಅನುದಾನ ಮುಗಿದರೆ ಬಾಡಿಗೆ ಕಂಪನಿಗೆ ತಾನಾಗಿಯೇ ಸೂಚನೆ ಹೋಗುವಂತೆ ಜೋಡಿಸಿದ್ದರು. ಸಂಜೆಯೊಳಗೆ ಕಂಪನಿಯ ಮನುಷ್ಯ ಆಸ್ಪತ್ರೆಯ ಗೇಟಿಗೇ ಬಂದು ಕೀಲಿ ಕೇಳಿದ. ಕೊನೆಯ ಪೇಷಂಟನ್ನು ಮನೆ ಸೇರಿಸಿದ ಮೇಲೆ ಕೊಡುತ್ತೇನೆ ಎಂದು ಜಗಳ ತೆಗೆದ ವ್ಯಾನ್ ಅಕ್ಕ, ಅವನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದಳಂತೆ.

"ಮೆಟ್ಟಿಲ ಮೇಲೆ ಒಂದು ಕುರ್ಚಿಯನ್ನ ಅವನ ಕೈಲೂ ಹಿಡಿಸಿದೆ," ಎಂದಳು ಫೋನಿನಲ್ಲಿ. "ಒಳ್ಳೇವನೇ. ಬೆವರು ಒರೆಸ್ಕೊಂಡು ಕೀಲಿ ಇಸ್ಕೊಂಡು ಹೋದ." ಆಮೇಲೆ ದನಿ ತಗ್ಗಿಸಿದಳು. "ಮೇಡಂ, ಒಂದು ಮಾತು. ನೀವು ಈ ಸಲ ವರದಿಗೆ ಫೋನೇ ಮಾಡ್ಲಿಲ್ಲ. ನಾನೂ ಕಾದೆ. ಕೆಲಸ ಜಾಸ್ತಿ ಇರ್ಬೇಕು, ಪಾಪ, ಯಾಕೆ ತೊಂದರೆ ಕೊಡೋದು ಅಂತ ಸುಮ್ನಾದೆ. ನಾನೇ ಮಾಡ್ಬೇಕಿತ್ತಾ?"

"ಇಲ್ಲ ಅಕ್ಕಾ. ನೀವು ಮಾಡ್ಬೇಕಿರ್ಲಿಲ್ಲ."

ಮರುದಿನವಿಡೀ ಅವಳು ಫೋನ್ ಹಿಡಿದು ಕೂತಳು. ವ್ಯಾನನ್ನು ತನ್ನ ಹೆಸರಿಗೆ ಬಾಡಿಗೆಗೆ ಕೊಡುತ್ತೀರಾ ಎಂದು ಕಂಪನಿಯನ್ನು ಕೇಳಿದಳು. ರೋಗಿಗಳನ್ನು ಸಾಗಿಸಲು ಸಂಸ್ಥೆಯ ಹೆಸರೇ ಬೇಕು ಎಂದರು. ಬೇರೆ ಎರಡು ದತ್ತಿ ಸಂಸ್ಥೆಗಳಿಗೆ ಫೋನ್ ಮಾಡಿದಳು. ಅರ್ಜಿಯ ಕಾಲ ಮುಗಿದಿತ್ತು. ಆಂಬ್ಯುಲೆನ್ಸ್ ವಿಭಾಗದ ಹೆಂಗಸು ತಾಳ್ಮೆಯಿಂದ ಕೇಳಿದಳು: "ಪೇಷಂಟಿಗೆ ಈಗ ಉಸಿರಾಟದ ತೊಂದರೆ ಇದೆಯಾ?"

"ಇಲ್ಲ. ಡಯಾಲಿಸಿಸ್ ತಪ್ಪಿದರೆ ಆಗುತ್ತೆ."

"ಆದಾಗ ಫೋನ್ ಮಾಡಿ ಮೇಡಂ. ನಾವು ಎಮರ್ಜೆನ್ಸಿಗೆ ಮಾತ್ರ ಬರೋದು."

ಮುಂದಿನ ಸರದಿಯ ದಿನ ವ್ಯಾನ್ ಅಕ್ಕ ಮೂವರನ್ನು ಟ್ಯಾಕ್ಸಿಗಳಲ್ಲಿ ಹೇಗೋ ಸಾಗಿಸಿದಳು. ನಾಲ್ಕನೆಯವರು ಟೈಲರ್. ಲಿಫ್ಟಿಲ್ಲದ ಕಟ್ಟಡದ ತುದಿ ಮಹಡಿಯಲ್ಲಿ ಅವರ ಮನೆ. ಕುರ್ಚಿ ಹೊರುತ್ತಿದ್ದ ಆಳುಗಳಲ್ಲಿ ಒಬ್ಬ ಆಗಲೇ ಗೋದಾಮಿನ ಕೆಲಸಕ್ಕೆ ಸೇರಿದ್ದ. ಕೆಳಗೆ ನಿಂತ ಟ್ಯಾಕ್ಸಿಯವನು ಸ್ವಲ್ಪ ಹೊತ್ತು ಕಾದು, ಆಮೇಲೆ ಕಾಯದೆ ಹೊರಟುಹೋದ. ಟೈಲರರ ಸರದಿ ತಪ್ಪಿತು.

ಮಾರನೆಯ ದಿನ ಮಧ್ಯಾಹ್ನ ಅಧಿಕಾರಿ ಆ ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಯ ತಿರುವಿನಲ್ಲೂ ಒಂದೊಂದು ಸೈಕಲ್, ಒಂದೊಂದು ಖಾಲಿ ಸಿಲಿಂಡರ್. ಈ ಸಂದಿಯಲ್ಲಿ ಕುರ್ಚಿಯನ್ನು ಹೇಗೆ ತಿರುಗಿಸುತ್ತಿದ್ದರೋ ಎಂದುಕೊಂಡಳು. ಅದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಅಕ್ಕ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಬಾಗಿಲು ತೆರೆದ ಟೈಲರರ ಹೆಂಡತಿ ಬಂದವಳನ್ನು ಡಾಕ್ಟರೇ ಎಂದುಕೊಂಡರು. ವ್ಯಾನಿನ ಕಡೆಯವಳು ಎಂದಾಗ, "ಬಂತಾ? ಕೆಳಗಿದೆಯಾ?" ಎಂದು ಕಿಟಕಿಯ ಕಡೆಗೆ ಓಡಿದರು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಟೈಲರ್ ಹಾಸಿಗೆಯಲ್ಲಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ಮಲಗಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಕೂತೇ ನಿದ್ದೆ ಎಂದರು ಹೆಂಡತಿ. ಪಾದಗಳು ಊದಿ ಹೊಳೆಯುತ್ತಿದ್ದವು. ಹೊಲಿಗೆ ಮಿಷನ್ನಿನ ಮೇಲೆ ಮಡಚಿಟ್ಟ ಬಟ್ಟೆ. ಅದರ ಮೇಲೆ ಒಂದು ಪುಟ್ಟ ಲೋಟದಲ್ಲಿ ಇಡೀ ದಿನಕ್ಕೆಂದು ಅಳೆದಿಟ್ಟ ನೀರು, ಇನ್ನೂ ಮುಟ್ಟದ್ದು.

"ಕೂತ್ಕೋ ಮಗಳೇ," ಎಂದರು. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದರು. "ಕಾಲು ನೋಡ್ಬೇಡ. ನಾನೇ ಅಳತೆ ತಗೊಂಡಿದ್ದೀನಿ. ಈ ಕಾಲಿಗೆ ಪ್ಯಾಂಟ್ ಹೊಲಿಯೋದಾದ್ರೆ... ಬಟ್ಟೆ ಸಾಕಾಗಲ್ಲ."

ನಗಬೇಕೆಂದು ಅವಳ ಮುಖ ನೋಡಿದರು. ಅವಳು ನಗಲಿಲ್ಲ.

"ಹೆದರ್ಕೊಂಡ್ಯಾ? ಇಲ್ಲಿ ಮುಟ್ಟು." ಎಡಗೈ ಚಾಚಿದರು. ಮಿಷನ್ನಿನ ಸೂಜಿ ಚುಚ್ಚಲೆಂದು ಡಾಕ್ಟರರು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗದಲ್ಲಿ ನಾಳ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. "ಎರಡು ಬೆರಳಿಡು. ಮೆತ್ತಗೆ."

ಇಟ್ಟಳು. ಚರ್ಮದ ಕೆಳಗೆ ಏನೋ ಜುಮ್ಮೆಂದು ಕಂಪಿಸುತ್ತಿತ್ತು, ಎಡೆಬಿಡದೆ. ಅವಳು ಬೆಚ್ಚಿ ಬೆರಳು ತೆಗೆದಳು.

"ಹೊಲಿಗೆ ಮಿಷನ್ ಥರ ಇದೆಯಲ್ವಾ?" ಎಂದರು ಟೈಲರ್. "ದಿನಾ ಬೆಳಿಗ್ಗೆ ಎದ್ದು ಮೊದಲು ಇದನ್ನೇ ಮುಟ್ಟಿ ನೋಡ್ಕೋಬೇಕು ಅಂದಿದ್ದಾಳೆ ವ್ಯಾನ್ ಅಕ್ಕ. ಓಡ್ತಿದ್ರೆ ಸರಿ. ನಿಂತ್ರೆ ತನಗೆ ಫೋನ್ ಮಾಡು ಅಂತ." ಉಸಿರು ಎಳೆದುಕೊಂಡರು. "ಓಡ್ತಾ ಇದೆ. ಇವಳಿಗೆ ಹೇಳು, ಅಳೋದು ಬೇಡ ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಅಳುತ್ತಿರಲಿಲ್ಲ. ಅಧಿಕಾರಿಯನ್ನೇ ನೋಡುತ್ತಿದ್ದರು. "ನಾಳೆ ಬರುತ್ತಾ ವ್ಯಾನು?" ಎಂದರು.

"ಬರುತ್ತೆ ಅಮ್ಮಾ."

ಕೆಳಗಿಳಿಯುತ್ತಾ ಎರಡನೆಯ ಮಹಡಿಯ ತಿರುವಿನಲ್ಲಿ, ಅಲ್ಲಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು. ನಿರ್ದೇಶಕರಿಗೆ ಅಲ್ಲಿಂದಲೇ ಫೋನ್ ಮಾಡಿದಳು.

ಟಿಪ್ಪಣಿ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ವಯಂಚಾಲಿತ ಗಡುವುಗಳನ್ನು ಬೇಡಿ ಹಿಂದೆ ತಾನೇ ಬರೆದಿದ್ದ ಟಿಪ್ಪಣಿಯನ್ನು ತೆರೆದು, ಒಂದೊಂದೇ ವಾಕ್ಯವನ್ನು ತಿರುಗಿಸುತ್ತಾ ಹೋದಳು. ಅಗತ್ಯವಿಲ್ಲ ಎಂದಿದ್ದಲ್ಲಿ ಅಗತ್ಯವಿದೆ ಎಂದಾಯಿತು. ಪಕ್ಷಪಾತಕ್ಕೆ ಎಡೆಯಾಗುತ್ತದೆ ಎಂದಿದ್ದ ಸಾಲನ್ನು ಅಳಿಸಿದಳು. ಅದರ ಜಾಗಕ್ಕೆ ಬೇರೆ ಸಾಲು ಹೊಳೆಯಲಿಲ್ಲ, ಹಾಗೆಯೇ ಬಿಟ್ಟಳು. ತಪ್ಪು ತನ್ನದೆಂದು ಬರೆದ ಪ್ಯಾರಾವನ್ನು ನಿರ್ದೇಶಕರೇ ಪೆನ್ಸಿಲಿನಿಂದ ಹೊಡೆದುಹಾಕಿದರು.

"ಇದೆಲ್ಲ ಯಾಕಮ್ಮ? ವ್ಯವಸ್ಥೆಯ ದೋಷ ಅಂತಿದ್ರೆ ಸಾಕು."

ಗಡಿಯಾರ ಗುಂಡಿಯನ್ನು ಅದರ ಹಳೆಯ ಜಾಗದಲ್ಲೇ ಕೂರಿಸಿದ. ನಿರ್ದೇಶಕರು ಒಂದು ಸಲ ಒತ್ತಿದರು, ವ್ಯಾನಿನ ಸಾಲು ಹಸಿರಾಯಿತು. ಪಟ್ಟಿಯನ್ನು ಸ್ವಲ್ಪ ಕೆಳಗೆ ಎಳೆದು, ಸಂಗೀತ ಭವನಕ್ಕೆಂದು ಇನ್ನೊಂದು ಸಲ ಒತ್ತಿದರು. ಪಟ್ಟಿಯ ಕೊನೆಯಲ್ಲಿ, ಸಹಿಗಾಗಿ ಕಾಯುತ್ತಿದ್ದ ಶಾಲೆಯ ಸಾಲು ತಾನಾಗಿಯೇ ಮಾಯವಾಯಿತು. ಅದನ್ನು ಯಾರೂ ಒತ್ತಬೇಕಾಗಲಿಲ್ಲ.

"ಅದಕ್ಕೂ ಒಂದು ನೋಟಿಸು ಹೋಗುತ್ತೆ ಮೇಡಂ," ಎಂದ ಗಡಿಯಾರ. "ಅರ್ಜಿದಾರರಿಗೆ, ತಾನಾಗಿಯೇ."

"ತಡಿ. ಅದನ್ನ ಕಳಿಸ್ಬೇಡ. ನಾನೇ ಹೇಳ್ತೀನಿ."

"ಯಾವಾಗ?"

ಅವಳು ಬ್ಯಾಗಿನಿಂದ ಫೋನ್ ತೆಗೆದು, ಮತ್ತೆ ಒಳಗಿಟ್ಟಳು. ಅವನು ಕುರ್ಚಿಯನ್ನು ಉರುಳಿಸಿಕೊಂಡು ತನ್ನ ಕೋಣೆಗೆ ಹೋದ.

ವ್ಯಾನು ಮರುದಿನ ಬಂತು. ಗೋದಾಮಿಗೆ ಸೇರಿದ್ದ ಆಳನ್ನು ವ್ಯಾನ್ ಅಕ್ಕ ಕಿವಿ ಹಿಂಡಿ ಎಳೆತಂದಿದ್ದಳು. ಮೂವರನ್ನು ಆಸ್ಪತ್ರೆ ರಾತ್ರಿಗೆ ಮುಂಚೆ ಮನೆಗೆ ಬಿಟ್ಟಿತು; ಟೈಲರರನ್ನು ಮಾತ್ರ ಎರಡು ದಿನ ಇಟ್ಟುಕೊಂಡು, ಒಂದರ ಹಿಂದೆ ಒಂದರಂತೆ ಎರಡು ಸಲ ಮಿಷನ್ನಿಗೆ ಹಾಕಿತು. ಅವರನ್ನು ಕರೆತರುವ ಸಂಜೆ ಅಧಿಕಾರಿಯೂ ವ್ಯಾನಿನಲ್ಲಿದ್ದಳು. ಹಿಂದಿನ ಮಡಚುವ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು.

"ಬರ್ಕೊಳ್ಳಿ ಮೇಡಂ," ಎಂದಳು ಅಕ್ಕ, ಕನ್ನಡಿಯಲ್ಲಿ ಅವಳನ್ನು ನೋಡುತ್ತಾ. "ಟೈಲರ್ ಸಾಹೇಬ್ರು, ಒಳಗೆ ಹೋಗೋವಾಗ ಆನೆ, ಆಚೆ ಬರೋವಾಗ ಆನೆ ಮೇಲಿನ ಹುಡುಗ."

ಟೈಲರ್ ಕಿಟಕಿಗೆ ತಲೆಯಾನಿಸಿಕೊಂಡು, ಕಣ್ಣು ಮುಚ್ಚಿಯೇ ಹೇಳಿದರು: "ಅವಳ ಮಾತು ಬರೀಬೇಡ ಮಗಳೇ. ಕೆನ್ನೆ ಒಳಗೆ ಹೋಗಿದೆ, ಮೀಸೆ ಕತ್ತರಿಸ್ಬೇಕು. ಅಷ್ಟು ಬರಿ." ಎಡಗೈಯ ಪಟ್ಟಿಯ ಮೇಲೆ ಬಲಗೈ ಇಟ್ಟುಕೊಂಡಿದ್ದರು. ಸ್ವಲ್ಪದರಲ್ಲೇ ನಿದ್ದೆ ಹೋದರು, ಒರಗಿ, ಬಾಯಿ ತೆರೆದು, ಸಲೀಸಾಗಿ ಉಸಿರಾಡುತ್ತಾ.

ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಅವಳ ಬ್ಯಾಗಿನೊಳಗೆ ಫೋನು ಮತ್ತೆ ಅದುರಲು ಶುರುವಾಯಿತು. ತೆಗೆದು ನೋಡಿದಳು. ಪರದೆಯ ಮೇಲೆ ಶಾಲೆಯ ಟೀಚರರ ಹೆಸರು.

"ಎತ್ತಿ ಮೇಡಂ," ಎಂದಳು ವ್ಯಾನ್ ಅಕ್ಕ. "ಯಾರೋ ಪಾಪ, ಆವಾಗಿಂದ ಹೊಡೀತಾನೇ ಇದ್ದಾರೆ."

"ಹ್ಞೂಂ ಅಕ್ಕಾ."

ಸಿಗ್ನಲ್ ಬಿಟ್ಟಿತು. ವ್ಯಾನು ಮೆಲ್ಲನೆ ಮುಂದೆ ಸರಿಯಿತು. ಅವಳು ಫೋನನ್ನು ಅಂಗೈಯಲ್ಲಿ ಮಲಗಿಸಿಕೊಂಡು ಅದರ ಮೇಲೆ ಎರಡು ಬೆರಳಿಟ್ಟಳು, ಮೆತ್ತಗೆ. ಅದು ಒಮ್ಮೆ ನಿಂತಿತು. ಮತ್ತೆ ಬೆರಳಡಿಯಲ್ಲಿ ಜುಮ್ಮೆನ್ನತೊಡಗಿತು.